ಸಹಾಯ ಬೇಕು: ಬಾಕ್ಸ್‌ಸ್ಟರ್ ಕಾರಿನ ಕೂಲಂಟ್‌ನಲ್ಲಿ ಸೇರಿಕೊಂಡ ಗಾಳಿ

ಗುಂಪಿನ ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದವನು. ನನ್ನ 2003ರ ಪೋರ್ಷೆ ಬಾಕ್ಸ್‌ಸ್ಟರ್ ಕಾರಿನ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಟ್ಯಾಂಕ್ ಬಿರುಕುಬಿಟ್ಟು, ಹಿಂದಿನ ಡಿಕ್ಕಿಯ ಹಾಸಿನಡಿ ಒದ್ದೆಯಾಗಿ ಸಿಹಿ ವಾಸನೆ ಬರುತ್ತಿದ್ದುದರಿಂದ ಕಳೆದ ತಿಂಗಳು ಹೊಸ ಟ್ಯಾಂಕ್ ಹಾಕಿಸಿದೆ. ಅಂದಿನಿಂದ ಹೆದ್ದಾರಿಯಲ್ಲಿ ತೊಂದರೆಯಿಲ್ಲದಿದ್ದರೂ ಉಪ್ಪಳ ಪೇಟೆಯಲ್ಲಿ ವಾಹನಗಳ ಸಾಲಿನಲ್ಲಿ ನಿಂತೊಡನೆ ಉಷ್ಣಾಂಶದ ಮುಳ್ಳು ಮೇಲೇರುತ್ತದೆ. ಹೀಟರ್ ಹಾಕಿದರೆ ಒಮ್ಮೆ ಬಿಸಿ, ಒಮ್ಮೆ ತಣ್ಣನೆಯ ಗಾಳಿ ಬರುತ್ತದೆ.

ಎಂಜಿನ್ ಸೀಟುಗಳ ಹಿಂದೆಯೂ ರೇಡಿಯೇಟರ್‌ಗಳು ಕಾರಿನ ಮುಂಭಾಗದ ಎರಡು ಬದಿಗಳಲ್ಲಿಯೂ ಇರುವುದರಿಂದ, ಕೂಲಂಟ್ ಉದ್ದನೆಯ ಪೈಪುಗಳಲ್ಲಿ ಸಾಗಬೇಕಾಗಿದ್ದು, ಸುಮ್ಮನೆ ಮೇಲಿನಿಂದ ಸುರಿದು ತುಂಬಿಸಿದರೆ ಒಳಗಿನ ಗಾಳಿ ಪೂರ್ತಿ ಹೊರಬರುವುದಿಲ್ಲ. ನನ್ನ ಕಾರಿಗೆ ಹಾಗೆಯೇ ತುಂಬಿಸಿದ್ದಾರೆ ಎಂಬುದು ನನ್ನ ಅನುಮಾನ.

ಮುಂದಿನ ಬಂಪರ್ ಕಳಚಿ ನೋಡಿದಾಗ ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್‌ಗಳ ನಡುವೆ ಗಾಳಿಮರದ ಸೂಜಿಯೆಲೆಗಳು ಮಳೆಗಾಲದ ಕೆಸರಿನೊಂದಿಗೆ ಕಂಬಳಿಯಂತೆ ಒತ್ತಿಕೊಂಡಿದ್ದವು. ಅವನ್ನೆಲ್ಲ ಮೆಲ್ಲನೆ ಬಿಡಿಸಿ ತೊಳೆದ ಮೇಲೂ ತೊಂದರೆ ಹಾಗೆಯೇ ಇದೆ. ಎಸಿ ಹಾಕಿದಾಗ ಎರಡೂ ಫ್ಯಾನ್‌ಗಳು ತಿರುಗುತ್ತವೆ.

ಕಾಸರಗೋಡು, ಪುತ್ತೂರು, ಮಂಗಳೂರುಗಳ ನಡುವೆ ನಿರ್ವಾತ ಪಂಪ್ ಬಳಸಿ ಒಳಗಿನ ಗಾಳಿಯನ್ನು ಹೀರಿ ತೆಗೆದು ಕೂಲಂಟ್ ತುಂಬಿಸುವ ಗ್ಯಾರೇಜ್ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಈ ಎಂಜಿನ್‌ನ ಮೂಲ ನೀರಿನ ಪಂಪಿನ ರೆಕ್ಕೆಗಳು ಪ್ಲಾಸ್ಟಿಕ್ಕಿನವು. ಮುರಿದರೆ ಚೂರುಗಳು ಕೂಲಂಟಿನ ದಾರಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಆದ್ದರಿಂದ ಈಗಲೇ ಪಂಪನ್ನೂ ಬದಲಿಸುವುದು ಒಳ್ಳೆಯದೇ ಎಂಬುದನ್ನು ಅನುಭವವಿದ್ದವರು ಹೇಳಬೇಕು. ಅತಿಯಾಗಿ ಬಿಸಿಯಾದರೆ ಸಿಲಿಂಡರ್ ಹೆಡ್ ಬಿರುಕುಬಿಡಬಹುದೆಂಬ ಭಯದಿಂದ ಕಾರನ್ನು ಶೆಡ್ಡಿನಲ್ಲೇ ನಿಲ್ಲಿಸಿದ್ದೇನೆ.