ವಾಚ್ ತೋರಿಸುವ ಹಾಫ್ ಮ್ಯಾರಥಾನ್ ಟೈಮನ್ನು ಎಷ್ಟು ನಂಬಬಹುದು?

ತಣ್ಣೀರುಬಾವಿ_ರನ್ನರ್:
ಪ್ರಾಯ 42. ವಾಚಿನ ರೇಸ್ ಪ್ರೆಡಿಕ್ಟರ್ 10 ಕಿ.ಮೀ.ಗೆ 49:30, 21.1 ಕಿ.ಮೀ.ನ ಹಾಫ್‌ಗೆ 1:49 ಅಂತ ತೋರಿಸ್ತಾ ಉಂಟು. ಆದರೆ ಮೊನ್ನೆ ಚಿಪ್ ಟೈಮಿಂಗ್ (ಓಟಗಾರನ ಮೇಲಿನ ಚಿಪ್ ಗೆರೆ ದಾಟಿದ ಲೆಕ್ಕ) ಇದ್ದ 10 ಕಿ.ಮೀ. ರೇಸಿನಲ್ಲಿ ಬಂದದ್ದು 52:00. ವಾರಕ್ಕೆ ಹೆಚ್ಚುಕಮ್ಮಿ 35 ಕಿ.ಮೀ., ತಣ್ಣೀರುಬಾವಿ ರೋಡಲ್ಲೇ ಜಾಸ್ತಿ. ಭಾನುವಾರ ಮಲ್ಪೆ ಮರಳಲ್ಲಿ. ಬಡಿತ ಅಳೆಯುವ ಎದೆಪಟ್ಟಿ, ಚೆಸ್ಟ್ ಸ್ಟ್ರಾಪ್, ಇಲ್ಲ. ಮ್ಯಾಕ್ಸ್ ಹಾರ್ಟ್ ರೇಟ್ (ನಿಮಿಷಕ್ಕೆ ಹೃದಯದ ಅತಿ ಹೆಚ್ಚು ಬಡಿತ) ವಾಚ್ ತಾನಾಗಿ ಹಾಕಿಕೊಂಡ 178. ಮಂಗಳೂರಿನಲ್ಲೇ ಹಾಫ್ ಓಡುವುದು. ಯಾವ ಪೇಸಿನಲ್ಲಿ (ಕಿಲೋಮೀಟರಿಗೆ ಎಷ್ಟು ನಿಮಿಷದಲ್ಲಿ) ಹೊರಡಲಿ?

ಕದ್ರಿಗುಡ್ಡೆ:
ಓಡುವಾಗ ನೀವು ಬಳಸುವ ಆಮ್ಲಜನಕವನ್ನು ವಾಚ್ ಅಳೆಯುವುದಿಲ್ಲ. ಜಿಪಿಎಸ್‌ನಿಂದ ವೇಗ, ಸೆನ್ಸರಿನಿಂದ ಹಾರ್ಟ್ ರೇಟ್. ಇಷ್ಟು ವೇಗಕ್ಕೆ ಮ್ಯಾಕ್ಸ್‌ನ ಶೇಕಡಾ ಎಷ್ಟರಲ್ಲಿ ಹೃದಯ ಬಡಿಯಿತು ಅಂತ ನೋಡಿ ವಿಒ2 ಮ್ಯಾಕ್ಸ್ (ಮೈ ನಿಮಿಷಕ್ಕೆ ಅತಿ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವುದು) ಅಂದಾಜು ಮಾಡ್ತದೆ, ರೇಸ್ ಟೈಮ್ ಬರುವುದು ಅದರಿಂದ. ಹಾಗಾಗಿ ಮೊದಲು ನೋಡಬೇಕಾದದ್ದು ಆ 178.

ಅದು 220ರಿಂದ ಪ್ರಾಯ ಕಳೆದ ಲೆಕ್ಕ. ಒಂದೇ ಪ್ರಾಯದವರಲ್ಲೇ ಹತ್ತು ಬಡಿತ ಆಚೀಚೆ ಇರುವುದು ಮಾಮೂಲಿ. ನಿಮ್ಮ ನಿಜವಾದ ಮ್ಯಾಕ್ಸ್ 188 ಇದ್ದರೆ, 160ರಲ್ಲಿ ಓಡುವಾಗ ನೀವು ಶೇ. 85ರಲ್ಲಿ ಇರುತ್ತೀರಿ, ವಾಚ್ ಶೇ. 90 ಅಂದುಕೊಳ್ತದೆ. ಆಗ ಟೈಮನ್ನು ನಿಧಾನವಾಗಿ ತೋರಿಸಬೇಕಿತ್ತು. ನಿಮ್ಮದು ಉಲ್ಟಾ, ಬೇಗ ತೋರಿಸ್ತಾ ಉಂಟು. ಅಂದರೆ ಒಂದೋ ನಿಜವಾದ ಮ್ಯಾಕ್ಸ್ 178ಕ್ಕಿಂತ ಕಡಿಮೆ, ಇಲ್ಲವೇ ಕೈಯ ಸೆನ್ಸರ್ ಬಡಿತವನ್ನು ಕಡಿಮೆ ಓದ್ತಾ ಉಂಟು. ನನ್ನ ಅನುಮಾನ ಎರಡನೆಯದರ ಮೇಲೆ. ವಾಚ್ ಮಣಿಕಟ್ಟಿನ ಗಂಟಿನಿಂದ ಒಂದು ಬೆರಳು ಮೇಲೆ ಇರಲಿ, ಕೈ ಬೀಸಿದಾಗ ಜಾರಬಾರದು. ಬೆವರಿಗೆ ಪಟ್ಟಿ ಸಡಿಲಾಗ್ತದೆ, ವಾರ್ಮಪ್ ಆದ ಮೇಲೆ ಒಂದು ತೂತು ಬಿಗಿ ಮಾಡಿ.

ಇನ್ನೊಂದು ಕಿತಾಪತಿ: ಸೆನ್ಸರ್ ಬಡಿತ ಬಿಟ್ಟು ಹೆಜ್ಜೆಯ ಲೆಕ್ಕವನ್ನೇ ಹಿಡಿದುಕೊಳ್ಳುವುದು. ಆರಾಮದ ಓಟದಲ್ಲಿ ಹಾರ್ಟ್ ರೇಟ್ ಇದ್ದಕ್ಕಿದ್ದಂತೆ 170 ದಾಟಿ ಅಲ್ಲೇ ನಿಂತರೆ ಕೇಡೆನ್ಸ್ (ನಿಮಿಷಕ್ಕೆ ಎಷ್ಟು ಹೆಜ್ಜೆ) ಗ್ರಾಫ್ ಪಕ್ಕದಲ್ಲಿಟ್ಟು ನೋಡಿ, ಎರಡು ಗೆರೆ ಒಂದರ ಮೇಲೊಂದು ಕೂತಿರುತ್ತವೆ. ಮ್ಯಾಕ್ಸ್‌ನ ಆಟೋ ಡಿಟೆಕ್ಷನ್ ಆನ್ ಇದ್ದರೆ ಅಂಥ ಸುಳ್ಳು ಸಂಖ್ಯೆಯೇ ಹೊಸ ಮ್ಯಾಕ್ಸ್ ಆಗಿ ಕೂರಬಹುದು, ಅಲ್ಲಿಂದ ಪ್ರೆಡಿಕ್ಷನ್ ಎಲ್ಲ ಬೇಗ ಬೇಗ. ಸ್ಟ್ರಾಪ್ ಇಲ್ಲದವರು ಅದನ್ನು ಆಫ್ ಮಾಡಿಡುವುದೇ ಒಳ್ಳೆಯದು.

ಮ್ಯಾಕ್ಸ್ ಅಳೆಯಲು ಯಾರದ್ದಾದರೂ ಚೆಸ್ಟ್ ಸ್ಟ್ರಾಪ್ ಕೇಳಿ ತನ್ನಿ. ಇಪ್ಪತ್ತು ನಿಮಿಷ ವಾರ್ಮಪ್, ಆಮೇಲೆ ಕದ್ರಿ ಗುಡ್ಡೆಯಂಥ ಏರಿನಲ್ಲಿ ಮೂರು ನಿಮಿಷದ ಮೂರು ಜೋರು ಓಟ, ನಡುವೆ ಇಳಿದು ಬರುವಷ್ಟೇ ವಿಶ್ರಾಂತಿ, ಕೊನೆಯದು ಪೂರ್ತಿ ಶಕ್ತಿ ಹಾಕಿ. ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನು ಕೈಯಾರೆ ಹಾಕಿ. ನಲವತ್ತು ದಾಟಿದವರು ಇದಕ್ಕೆ ಮೊದಲು ಡಾಕ್ಟರನ್ನು ಒಂದು ಮಾತು ಕೇಳಬೇಕು. ಬಿಪಿ ಇದ್ದರಂತೂ ಕೇಳದೆ ಮಾಡಲೇಬೇಡಿ.

ಮಲ್ಪೆ ಮರಳು: ವೇಗ ಕಡಿಮೆ, ಬಡಿತ ಜಾಸ್ತಿ, ವಾಚ್ ಅದನ್ನು ಫಿಟ್‌ನೆಸ್ ಇಳಿದದ್ದು ಅಂತ ಓದ್ತದೆ. ವಾಚ್ ಕಂಪನಿ ಗಾರ್ಮಿನ್‌ನ ಕೆಲವು ಮಾಡೆಲ್‌ಗಳಲ್ಲಿ ಟ್ರೇಲ್ ರನ್ ಅಂತ ರೆಕಾರ್ಡ್ ಮಾಡಿ ಅದಕ್ಕೆ ಮಾತ್ರ ವಿಒ2 ಮ್ಯಾಕ್ಸ್ ಆಫ್ ಇಡಬಹುದು.

ಅಜ್ಜರಕಾಡು_ಟ್ರ್ಯಾಕ್:
ಅದೆಲ್ಲ ಸರಿ ಮಾರಾಯ್ರೆ, ಆದರೆ ಕೈಯಲ್ಲಿ ಚಿಪ್ ಟೈಮ್ ಇರುವಾಗ ಸೆನ್ಸರ್ ರಿಪೇರಿ ಯಾಕೆ? ರೀಗಲ್ ಸೂತ್ರ ಹಾಕಿ: ಹೊಸ ಟೈಮ್ = ಹಳೆ ಟೈಮ್ × (ಹೊಸ ದೂರ ÷ ಹಳೆ ದೂರ)ದ 1.06ನೇ ಘಾತ. ಹತ್ತರಿಂದ ಹಾಫ್‌ಗೆ ಗುಣಕ ಸುಮಾರು 2.206. 52 ನಿಮಿಷ ಅಂದರೆ 1:54:44. ಕಿಲೋಮೀಟರಿಗೆ 5:26. ವಾಚಿನ 1:49 ನಂಬಿ ಹೊರಟರೆ 5:10. ಕಿಲೋಮೀಟರಿಗೆ 16 ಸೆಕೆಂಡ್ ಸಾಲ, ಹದಿನಾಲ್ಕನೇ ಕಿಲೋಮೀಟರ್ ಆಚೆಗೆ ಬಡ್ಡಿ ಸಮೇತ ವಸೂಲಿ.

ಹೊಸ ರೇಸ್ ಇಲ್ಲದವರು ಮಂಗಳಾ ಸ್ಟೇಡಿಯಂನಲ್ಲೋ ಅಜ್ಜರಕಾಡಿನಲ್ಲೋ 5 ಕಿ.ಮೀ. ಟ್ರಯಲ್ ಮಾಡಿ. ಒಂದನೇ ಲೇನಿನಲ್ಲಿ ಹನ್ನೆರಡೂವರೆ ಸುತ್ತು. ನಾಲ್ಕನೇ ಲೇನಿನಲ್ಲಿ ಒಂದು ಸುತ್ತು 400 ಅಲ್ಲ, ಸುಮಾರು 422 ಮೀಟರ್.

ತಣ್ಣೀರುಬಾವಿ_ರನ್ನರ್:
ಥ್ಯಾಂಕ್ಸ್. ಇದೇ ಸೂತ್ರ 42.2 ಕಿ.ಮೀ.ನ ಫುಲ್‌ಗೂ ನಡೀತದಾ?

ಅಜ್ಜರಕಾಡು_ಟ್ರ್ಯಾಕ್:
ಲೆಕ್ಕಕ್ಕೆ ನಡೀತದೆ, 3:59 ಬರ್ತದೆ. ವಾರಕ್ಕೆ 35 ಕಿ.ಮೀ.ಗೆ ಅದು ಆಸೆ ಮಾತ್ರ. 1.06 ಎನ್ನುವುದು ಆ ದೂರಕ್ಕೆ ತಯಾರಾದ ಕಾಲುಗಳ ಲೆಕ್ಕ.

ಪಡುಕೆರೆ:
ನಮ್ಮ ಊರಿನ ಸೆಕೆಯನ್ನು ಇಬ್ಬರೂ ಬಿಟ್ಟಿರಿ. ಇಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದಿದ್ದರೆ ಮೈ ತಣಿಯುವುದಿಲ್ಲ, ರಕ್ತ ಚರ್ಮದ ಕಡೆ ಹೋಗ್ತದೆ, ಅದೇ ಪೇಸಿಗೆ ಬಡಿತ ಏರುತ್ತಾ ಹೋಗ್ತದೆ. ಹತ್ತು ಕಿಲೋಮೀಟರಿನಲ್ಲಿ ಇದು ಪೂರ್ತಿ ತೋರುವ ಮೊದಲೇ ರೇಸ್ ಮುಗಿದಿರುತ್ತದೆ. ಹಾಗಾಗಿ 1:55 ಕೂಡ ನನಗೆ ಬಿಗಿ ಅನಿಸ್ತದೆ, 1:57 ಇಟ್ಟುಕೊಳ್ಳಿ. ಗಾರ್ಮಿನ್ 22 ಡಿಗ್ರಿಯ ಮೇಲೆ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ತದೆ, ಆದರೆ ಹವಾಮಾನ ಬರುವುದು ಫೋನಿನಿಂದ. ಓಟಕ್ಕೆ ಮೊದಲು ಸಿಂಕ್ ಆಗದಿದ್ದರೆ ಅದಕ್ಕೆ ಮಂಗಳೂರೂ ಒಂದೇ, ಮಡಿಕೇರಿಯೂ ಒಂದೇ.

ಮೊದಲ 5 ಕಿ.ಮೀ. 5:40ರಲ್ಲಿ, ಮುಂದಿನ 11 ಕಿ.ಮೀ. 5:32ರಲ್ಲಿ, ಉಳಿದದ್ದು 5:27ರಲ್ಲಿ ಹೋದರೆ ಸರಿಯಾಗಿ 1:57. ಹದಿನಾರರಲ್ಲಿ ಉಸಿರು ಭಾರ ಅನಿಸಿದರೆ 5:32ರಲ್ಲೇ ಉಳಿಯಿರಿ, ಹೋಗುವುದು ಅರ್ಧ ನಿಮಿಷ ಅಷ್ಟೆ.

ಮತ್ತೆ, ಈ ಪೇಸ್‌ಗಳನ್ನು ವಾಚಿನ ಆಟೋ ಲ್ಯಾಪಿನಲ್ಲಿ (ವಾಚ್ ತಾನೇ ಅಳೆದು ಗುರುತು ಹಾಕುವ ಕಿಲೋಮೀಟರ್) ನೋಡಬೇಡಿ. ತಿರುವು, ಜನರನ್ನು ದಾಟುವುದು, ಜಿಪಿಎಸ್ ಅಲುಗಾಟ ಎಲ್ಲ ಸೇರಿ ಫಿನಿಶ್‌ನಲ್ಲಿ ವಾಚ್ 21.1ರ ಬದಲು 21.3 ತೋರಿಸುವುದು ಸಾಮಾನ್ಯ. ಅಷ್ಟಕ್ಕೇ ಒಂದು ನಿಮಿಷ ಹೋಯ್ತು. ಆಟೋ ಲ್ಯಾಪ್ ಆಫ್ ಮಾಡಿ, ಪ್ರತಿ ಕಿಲೋಮೀಟರ್ ಬೋರ್ಡ್ ದಾಟುವಾಗ ಲ್ಯಾಪ್ ಬಟನ್ ನೀವೇ ಒತ್ತಿ. ಒಂದು ಬೋರ್ಡ್ ತಪ್ಪಿದರೆ ಗಾಬರಿ ಬೇಡ, ಮುಂದಿನದರಲ್ಲಿ ಒತ್ತಿ ಎರಡರಿಂದ ಭಾಗಿಸಿದರಾಯ್ತು.