ತಪ್ಪು ಕಾಗುಣಿತ ಕಂಡರೆ ನಿಮಗೂ ಕಿರಿಕಿರಿ ಆಗುತ್ತಾ? ನಿಮ್ಮ ಅನುಭವ ಹೇಳಿ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅನುಭವ ಬೇಕು. ನಾವು ಹತ್ತು ಹನ್ನೆರಡು ಗೆಳತಿಯರು ಒಂದು ವಾಟ್ಸಾಪ್ ಗುಂಪಿನಲ್ಲಿ ದಿನವೂ ಮಾತಾಡುತ್ತೇವೆ. ತಪ್ಪು ಕಾಗುಣಿತ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. ‘ಶುಭಾಷಯ’ ಅಂತ ಬಂದರೆ ಕೆಳಗೆ ‘ಶುಭಾಶಯ’ ಅಂತ ಹಾಕಿಬಿಡುತ್ತೇನೆ. ಬೈಯುವುದಿಲ್ಲ, ಸರಿಯಾದ ಪದ ಹಾಕುತ್ತೇನೆ, ಅಷ್ಟೆ.

ಹೋದ ತಿಂಗಳು ಒಬ್ಬ ಗೆಳತಿ ‘ಅಮ್ಮಂಗೆ ಉಷಾರಿಲ್ಲ, ಆಸ್ಪತ್ರೆಗೆ ಸೇರಿಸಿದೀವಿ’ ಅಂತ ಬರೆದಳು. ನಾನು ‘ಹುಷಾರಿಲ್ಲ’ ಅಂತ ತಿದ್ದಿದೆ. ಆಮೇಲೆ ‘ಏನಾಯ್ತು?’ ಅಂತ ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಅವತ್ತಿನಿಂದ ಗುಂಪಿನಲ್ಲಿ ಒಂದಕ್ಷರ ಬರೆದಿಲ್ಲ. ನಾನು ಮಾಡಿದ್ದು ತಪ್ಪು ಅಂತ ಗೊತ್ತು. ಆದರೆ ಕಿರಿಕಿರಿ ಆಗುವುದೂ ನಿಜ. ಅದನ್ನೇನು ಮಾಡಲಿ? ನಿಮಗೂ ಹೀಗೆ ಆಗುತ್ತಾ?

ಕರಡು ತಿದ್ದುವವರೊಬ್ಬರು:

ಹದಿನೈದು ವರ್ಷದಿಂದ ಕರಡು ತಿದ್ದುವುದೇ ನನ್ನ ಕೆಲಸ ಮೇಡಂ. ಕಿರಿಕಿರಿ ಆಗುತ್ತದೆ. ಆಗಲ್ಲ ಅಂದರೆ ಸುಳ್ಳಾಗುತ್ತದೆ. ಗುರುತಿರುವ ಪದವನ್ನು ಕಣ್ಣು ಒಂದೇ ಏಟಿಗೆ ಹಿಡಿದು ಮುಂದೆ ಹೋಗುತ್ತಿರುತ್ತದೆ. ಒಂದು ಅಕ್ಷರ ತಪ್ಪಿದರೆ ಅಲ್ಲೇ ಎಡವುತ್ತದೆ. ಆ ಎಡವಿದ ಸಿಟ್ಟನ್ನು ಬರೆದವರ ಮೇಲೆ ಹಾಕುವುದು ಸುಲಭ. ನಾನು ಎಷ್ಟೋ ವರ್ಷ ಹಾಗೇ ಮಾಡಿದೆ. ಈಗ ತಪ್ಪು ಕಂಡರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಎಲ್ಲಿಂದ ಬಂತು? ಬೆರಳಿನಿಂದಲೋ, ಕಿವಿಯಿಂದಲೋ, ಅಸಡ್ಡೆಯಿಂದಲೋ?

ಬೆರಳಿನ ತಪ್ಪು ಬಹಳ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಬೋರ್ಡಿನಲ್ಲಿ ಒಂದೇ ‘ಎನ್’ ನಕಾರವೂ ಆಗಬೇಕು, ಣಕಾರವೂ ಆಗಬೇಕು. ಒಂದೇ ‘ಎಲ್’ನಿಂದ ಲ, ಳ ಎರಡೂ ಬರಬೇಕು. ಮೇಲೆ ಮೂರು ನಾಲ್ಕು ಪದ ತೋರಿಸುತ್ತದೆ. ಅವಸರದಲ್ಲಿ ಮೊದಲನೆಯದನ್ನು ಒತ್ತಿದರೆ ‘ಹಳ್ಳಿಗೆ ಹೋಗ್ತಿದೀನಿ’ ಅನ್ನುವುದು ‘ಹಲ್ಲಿಗೆ ಹೋಗ್ತಿದೀನಿ’ ಆಗುತ್ತದೆ. ಇನ್ನೊಂದು ಇದೆ. ‘ಫೇಸ್‌ಬುಕ್’ ಅಂತ ಬಿಡಿಸಿ ಬರೆಯಬೇಕಾದರೆ ‘ಸ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಹಾಕದಿದ್ದರೆ ‘ಫೇಸ್ಬುಕ್’ ಅಂತ ಬಕಾರ ಒತ್ತಾಗಿ ಕೆಳಗೆ ಇಳಿಯುತ್ತದೆ. ಹಾಗೊಂದು ಗುರುತು ಇದೆ ಅಂತ ಎಷ್ಟು ಜನಕ್ಕೆ ಯಾರು ಹೇಳಿಕೊಟ್ಟಿದ್ದಾರೆ? ಅದನ್ನು ಬರೆದವರ ತಪ್ಪು ಅಂತ ಎಣಿಸಬೇಡಿ.

ಕಿವಿಯ ತಪ್ಪಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಗ್ಲಿಷಿನಲ್ಲಿ ನುಡಿಯುವುದು ಒಂದು, ಬರೆಯುವುದು ಇನ್ನೊಂದು. ಅಲ್ಲಿ ಕಾಗುಣಿತ ತಪ್ಪಿದರೆ ಎಷ್ಟೋ ಸಲ ಅದು ನೆನಪಿನ ತಪ್ಪು. ನಾವು ಬಹುಪಾಲು ನುಡಿದ ಹಾಗೇ ಬರೆಯುತ್ತೇವೆ. ಹಾಗಾಗಿ ನಮ್ಮಲ್ಲಿ ಎಷ್ಟೋ ತಪ್ಪುಗಳು ಅವರವರು ಮಾತಾಡುವ ರೀತಿಯೇ. ನಿಮ್ಮ ಗೆಳತಿ ಹುಟ್ಟಿದಾಗಿನಿಂದ ಮನೆಯಲ್ಲಿ ಕೇಳಿದ್ದು ‘ಉಷಾರು’. ಅಮ್ಮನ ಬಾಯಲ್ಲೇ ಕೇಳಿರಬೇಕು. ಅದನ್ನೇ ಬರೆದಳು.

ಹಕಾರದ ಕತೆಯನ್ನೇ ನೋಡಿ. ಹಳಗನ್ನಡದಲ್ಲಿ ‘ಪೋಗು’, ‘ಪೂ’, ‘ಪೆಸರ್’. ಹತ್ತನೇ ಶತಮಾನದ ಆಸುಪಾಸಿನಿಂದ ಆ ಪಕಾರ ಮೆಲ್ಲಗೆ ಹಕಾರವಾಯಿತು. ‘ಹೋಗು’, ‘ಹೂ’, ‘ಹೆಸರು’ ಬಂದವು. ಈಗ ಎಷ್ಟೋ ಜನರ ಬಾಯಲ್ಲಿ ಆ ಹಕಾರವೂ ಬಿದ್ದು ‘ಓಗು’, ‘ಊವು’, ‘ಎಸರು’ ಆಗಿದೆ. ಮೊದಲ ಸಲ ‘ಹೋಗು’ ಅಂದವರನ್ನೂ ಯಾರೋ ತಿದ್ದಿರಬೇಕು ಅಂತ ನನಗೆ ಅನಿಸುತ್ತದೆ. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ೞ ಅನ್ನುವ ಹಳಗನ್ನಡದ ಅಕ್ಷರ ಬರುವ ಪದಗಳನ್ನು ಪಟ್ಟಿ ಮಾಡಿಯೇ ಕೊಟ್ಟ. ಆದರೂ ಆ ಅಕ್ಷರ ಉಳಿಯಲಿಲ್ಲ. ಇವತ್ತು ನಮ್ಮ ಅಕ್ಷರಮಾಲೆಯಲ್ಲೇ ಅದು ಇಲ್ಲ. ಮಹಾಪ್ರಾಣವೂ ಹಾಗೇ. ಮಾತಿನಲ್ಲಿ ಧ, ಭ, ಘ ಒತ್ತಿ ಹೇಳುವವರು ಎಷ್ಟು ಜನ? ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇದೇ ಕಾರಣಕ್ಕೆ ಬರಹದಲ್ಲೂ ಮಹಾಪ್ರಾಣ ಬೇಡ ಅಂತ ವಾದಿಸಿದರು, ತಮ್ಮ ಹೆಸರನ್ನೇ ‘ಬಟ್’ ಅಂತ ಬರೆದುಕೊಂಡರು. ಅವರ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನನ್ನ ಕೈಗೆ ಬಂದ ಪುಸ್ತಕದಲ್ಲಿ ‘ದನ್ಯವಾದ’ ಇದ್ದರೆ ತಿದ್ದಿಯೇ ತಿದ್ದುತ್ತೇನೆ. ಆದರೆ ಒಬ್ಬರು ಮನಸ್ಸಿನಿಂದ ನನಗೆ ‘ದನ್ಯವಾದ’ ಅಂದಾಗ ಅದನ್ನು ತೆಗೆದುಕೊಳ್ಳಬೇಕು, ಅಲ್ವಾ?

ಉಳಿದಿದ್ದು ಅಸಡ್ಡೆ. ಇದಕ್ಕೆ ನನಗೆ ಈಗಲೂ ಸಿಟ್ಟು ಬರುತ್ತದೆ, ಬರಲಿ ಅಂತ ಬಿಟ್ಟಿದ್ದೇನೆ. ಮೂವತ್ತು ಸಾಲು, ಒಂದೂ ಪೂರ್ಣವಿರಾಮ ಇಲ್ಲ, ಯಾರು ಯಾರಿಗೆ ಏನಂದರು ಗೊತ್ತಾಗುವುದಿಲ್ಲ. ಬರೆದವರು ಉಳಿಸಿದ ಅರ್ಧ ನಿಮಿಷವನ್ನು ಓದುವ ಹತ್ತು ಜನ ಕೊಡಬೇಕು. ಆಗಲೂ ತಿದ್ದುವುದಿಲ್ಲ. ‘ಕೊನೆಗೆ ಬರುವುದು ಯಾರು?’ ಅಂತ ಕೇಳುತ್ತೇನೆ. ಅವರೇ ಬಿಡಿಸಿ ಬರೆಯುತ್ತಾರೆ.

ಓದಿ ಸುಮ್ಮನಾಗುವವಳೊಬ್ಬಳು:

ಅಕ್ಕಾ, ನಾನು ನಿಮ್ಮ ಗೆಳತಿಯ ಕಡೆಯವಳು. ಶಾಲೆಯಲ್ಲಿ ಓದಿದ್ದು ಬೇರೆ ಭಾಷೆಯಲ್ಲಿ. ಕನ್ನಡ ಬರೆಯಲು ಕಲಿತಿದ್ದು ಮಗಳು ಒಂದನೇ ಕ್ಲಾಸಿಗೆ ಸೇರಿದ ಮೇಲೆ, ಅವಳ ಪಕ್ಕ ಕೂತು, ಅವಳ ಕಾಪಿ ನೋಡಿ.

ಒಂದು ಸಲ ಗುಂಪಿನಲ್ಲಿ ಒಬ್ಬರು ತಾವು ಹಾಡಿದ ವಿಡಿಯೊ ಹಾಕಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. ‘ತುಂಬ ಚೆನ್ನಾಗಿ ಆಡಿದ್ದೀರ’ ಅಂತ ಬರೆದೆ. ‘ಯಾವ ಆಟ?’ ಅಂತ ಒಬ್ಬರು ಕೇಳಿದರು. ಕೆಳಗೆ ಸಾಲಾಗಿ ನಗುವ ಮುಖಗಳು. ಏನು ತಪ್ಪು ಅಂತಲೂ ತಕ್ಷಣ ಗೊತ್ತಾಗಲಿಲ್ಲ. ಮಗಳನ್ನು ಕೇಳಿ ತಿಳಿದುಕೊಂಡು ಅಳಿಸಿದೆ.

ಆಮೇಲೆ ಸುಮಾರು ಎರಡು ವರ್ಷ ಬರೀ ಹೆಬ್ಬೆರಳಿನ ಗುರುತು ಹಾಕಿದೆ. ಬರೆಯುತ್ತಿದ್ದೆ, ಓದುತ್ತಿದ್ದೆ, ಅಳಿಸುತ್ತಿದ್ದೆ. ಹೆದರಿಕೆಗೆ ಹಕಾರ ಬೇಡದ ಕಡೆಯೂ ಹಾಕತೊಡಗಿದೆ. ‘ಆಕಾಶ’ ನೋಡಿದರೆ ಅನುಮಾನ, ‘ಹಾಕಾಶ’ ಇರಬಹುದಾ ಅಂತ. ತಿದ್ದಿಸಿಕೊಂಡರೆ ಕಲಿಯುತ್ತಾರೆ ಅಂತೀರಲ್ಲ, ನಾನು ಎರಡು ವರ್ಷ ಕಲಿತಿದ್ದು ಸುಮ್ಮನಿರುವುದನ್ನು.

ಕಲಿಸಿದ್ದು ಒಬ್ಬ ಹಿರಿಯ ಸಹೋದ್ಯೋಗಿ. ನಾನೇ ಕೇಳಿದ್ದೆ, ‘ಮೇಡಂ, ನಾನು ಕಳಿಸೋ ಮೊದಲು ಒಂದು ಸಲ ನೋಡ್ತೀರಾ?’ ಅಂತ. ಅವರು ನನಗೊಬ್ಬಳಿಗೇ ಬರೆದರು: ‘ಹಾಡು ಅನ್ನೋವಾಗ ಅಂಗೈ ಬಾಯಿ ಮುಂದೆ ಹಿಡಿ. ಗಾಳಿ ತಾಗಿದರೆ ಹ.’ ಇವತ್ತಿಗೂ ಬರೆಯುವ ಮುಂಚೆ ಅಂಗೈ ಹಿಡಿದು ನೋಡುತ್ತೇನೆ.

ಅಪ್ಪನನ್ನು ನೋಡಿಕೊಳ್ಳುವವರೊಬ್ಬರು:

ನನಗೆ ಕಾಗುಣಿತಕ್ಕಿಂತ ಪೂರ್ಣವಿರಾಮದ್ದೇ ಭಯ. ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ ಅಣ್ಣ ಅಲ್ಲಿಂದಲೇ ಕಳಿಸಿದ್ದ ಮೆಸೇಜು: ‘ಬಿಳಿ ಮಾತ್ರೆ ಬೇಡ ಅಂದ್ರು ರಾತ್ರಿ ಕೆಂಪು ಮಾತ್ರೆ ಕೊಡು’. ಒಂದೂ ಅಕ್ಷರ ತಪ್ಪಿಲ್ಲ. ಆದರೆ ‘ರಾತ್ರಿ’ ಹಿಂದಿನದಕ್ಕೆ ಸೇರುತ್ತದೋ ಮುಂದಿನದಕ್ಕೋ? ಬಿಳಿ ಮಾತ್ರೆ ಪೂರ್ತಿ ನಿಲ್ಲಿಸಬೇಕಾ, ರಾತ್ರಿ ಮಾತ್ರ ಬೇಡವಾ? ಫೋನ್ ಮಾಡಿ ಕೇಳಿದೆ. ಪೂರ್ತಿ ನಿಲ್ಲಿಸಬೇಕಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಔಷಧದ ವಿಷಯವನ್ನು ಒಂದು ಸಾಲಿಗೆ ಒಂದೇ ಮಾತು ಅಂತ ಬರೆಯುತ್ತೇವೆ. ‘ಮಾತ್ರೆ’ ಬದಲು ‘ಮಾತ್ರೇ’ ಅಂತ ಇದ್ದರೆ ಯಾರೂ ಕೇಳುವುದಿಲ್ಲ. ಹೊತ್ತು, ಲೆಕ್ಕ, ಹೆಸರು ಈ ಮೂರನ್ನು ಮಾತ್ರ ಕೇಳಿ ಕೇಳಿ ತಿದ್ದಿಸುತ್ತೇವೆ.

ನಿವೃತ್ತ ಶಿಕ್ಷಕರೊಬ್ಬರು:

ಕಣ್ಣಿನ ಆಪರೇಷನ್ ಆದ ಮೇಲೆ ನಾನು ಫೋನಿಗೆ ಬಾಯಲ್ಲೇ ಹೇಳಿ ಬರೆಸುತ್ತೇನೆ. ಅದು ತನಗೆ ಕೇಳಿಸಿದ್ದನ್ನು ಬರೆಯುತ್ತದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ಇವನೇನಾ ಅಂತ ಓದುವವರಿಗೆ ಅನಿಸಿರಬಹುದು.

ಒಂದು ಮಾತು ಸೇರಿಸುತ್ತೇನೆ. ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಓದು, ಕಾಗುಣಿತ ಕಷ್ಟ. ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ತರಗತಿಯ ಒಬ್ಬ ಹುಡುಗ ಒತ್ತಕ್ಷರಗಳನ್ನು ಅದಲುಬದಲು ಮಾಡುತ್ತಿದ್ದ. ಲೆಕ್ಕದಲ್ಲಿ ಅವನೇ ಮೊದಲು. ಅವನ ಕಾಪಿಗೆ ಕೆಂಪು ಶಾಯಿ ತುಂಬಿದ್ದು ನಾನೇ, ಡಿಸ್ಲೆಕ್ಸಿಯಾ ಅಂದರೇನು ಅಂತ ಗೊತ್ತಾಗುವ ಮುಂಚೆ. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಆ ಮಕ್ಕಳೇ ದೊಡ್ಡವರಾಗಿ ಈಗ ನಿಮ್ಮ ಜೊತೆ ಮೆಸೇಜು ಮಾಡುತ್ತಿರುತ್ತಾರೆ ತಾಯಿ.

ಇನ್ನೊಬ್ಬರು:

ಎಲ್ಲರೂ ತಾಳ್ಮೆ ಅನ್ನುತ್ತಿದ್ದೀರಿ. ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಂಬಳ ತೆಗೆದುಕೊಂಡು ಸುದ್ದಿ, ಜಾಹೀರಾತು, ಫಲಕ, ಪಠ್ಯ ಬರೆಯುವವರನ್ನು ಎಲ್ಲರ ಮುಂದೆಯೇ ತಿದ್ದಬೇಕು. ಅವರ ತಪ್ಪನ್ನು ಸಾವಿರಾರು ಜನ ಸರಿ ಅಂತ ಕಲಿಯುತ್ತಾರೆ. ಅಲ್ಲಿ ಸುಮ್ಮನಿದ್ದರೆ ಭಾಷೆಗೆ ನಷ್ಟ.

ಗೆಳೆಯರ ಮಾತುಕತೆ ಬೇರೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 83 ಜನರಿಗೆ ‘ನಿಮ್ಮ ಮನೆಯಲ್ಲಿ ಜೊತೆಗಿರಬಹುದಾ’ ಅಂತ ಕೇಳುವ ಈಮೇಲ್‌ಗಳನ್ನು ಓದಿಸಿದ್ದರು. ಕೆಲವದರಲ್ಲಿ ಬೇಕೆಂದೇ ತಪ್ಪು ಹಾಕಿದ್ದರು. 2016ರಲ್ಲಿ ಅದು ಪ್ರಕಟವಾಯಿತು. ತಪ್ಪಿರುವ ಪತ್ರ ಬರೆದವರ ಬಗ್ಗೆ ಓದುಗರ ಅಭಿಪ್ರಾಯ ಒಟ್ಟಿನಲ್ಲಿ ಕೆಳಗೇ ಹೋಯಿತು. ಆದರೆ ಎಷ್ಟು ಕೆಳಗೆ ಅನ್ನುವುದು ಓದುವವರ ಸ್ವಭಾವದ ಮೇಲಿತ್ತು. ಜನರ ಜೊತೆ ಬೇಗ ಬೆರೆಯುವವರು ತಪ್ಪನ್ನು ದಾಟಿ ಹೋದರು. ಅಷ್ಟಾಗಿ ಹೊಂದಿಕೊಳ್ಳದವರು ವ್ಯಾಕರಣದ ತಪ್ಪಿಗೆ ಜಾಸ್ತಿ ಬೇಸರಪಟ್ಟರು. ಇದನ್ನು ಓದಿದ ದಿನ ನನ್ನ ಬಗ್ಗೆ ಕೂತು ಯೋಚಿಸಿದೆ. ಆಫೀಸಿನಲ್ಲಿ ಕೆಲಸ ಕೆಟ್ಟ ದಿನ ಸಂಜೆ ನನಗೆ ತಪ್ಪುಗಳು ಜಾಸ್ತಿ ಕಾಣುತ್ತವೆ. ಅಂಥ ದಿನ ಗುಂಪು ತೆರೆಯುವುದೇ ಇಲ್ಲ.

ಕೇಳಿದವರು:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಅಂಗೈ ಹಿಡಿದು ನೋಡುವ ತಂಗಿಯ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು.

ಮರುದಿನ ಗೆಳತಿಗೆ ಫೋನ್ ಮಾಡಿದೆ. ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು, ‘ನೀನು ತಿದ್ದೋದು ಹೊಸದೇನಲ್ಲ ಕಣೆ. ಅವತ್ತು ನಾನು ಐಸಿಯು ಬಾಗಿಲ ಹತ್ತಿರ ನಿಂತುಕೊಂಡು ಬರೆದಿದ್ದೆ. ಯಾರಾದರೂ ಏನಾದರೂ ಕೇಳ್ತಾರೆ ಅಂತ ಕಾಯ್ತಿದ್ದೆ. ಮೊದಲು ಬಂದಿದ್ದು ನಿನ್ನ ಹಕಾರ.’ ನನಗೆ ಮಾತು ಹೊರಡಲಿಲ್ಲ. ಆಮೇಲೆ ಅವಳೇ ಅಮ್ಮನ ವಿಷಯ ಎಲ್ಲ ಹೇಳಿದಳು. ಮುಕ್ಕಾಲು ಗಂಟೆ ಮಾತಾಡಿದೆವು.

ಇವತ್ತು ಬೆಳಿಗ್ಗೆ ಗುಂಪಿನಲ್ಲಿ ಅವಳು ಬರೆದಿದ್ದಾಳೆ: ‘ಅಮ್ಮ ಉಷಾರಾಗಿದಾರೆ. ನಾಳೆ ಮನೆಗೆ ಕರ್ಕೊಂಡು ಓಗ್ತೀವಿ’. ಕಣ್ಣು ಅಲ್ಲೇ ನಿಂತಿತು, ಸುಳ್ಳು ಹೇಳುವುದಿಲ್ಲ. ಎಷ್ಟು ಹೊತ್ತಿಗೆ ಬಿಡುತ್ತಾರೆ, ಜೊತೆಗೆ ನಾನು ಬರಲಾ ಅಂತ ಕೇಳಿದೆ. ಹನ್ನೊಂದು ಗಂಟೆಗೆ ಬಾ ಅಂದಿದ್ದಾಳೆ.