ಸಹಾಯ ಬೇಕು: ಸರ್ವರ್‌ನಲ್ಲಿ ಗ್ರೇಡಲ್‌ಗೆ ಪಾಸ್‌ವರ್ಡ್ ಸಿಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ನಾವು ಮೂರು ಜನ ಸೇರಿ ಒಂದು ಜಾವಾ ಪ್ರಾಜೆಕ್ಟ್ ಮಾಡುತ್ತಿದ್ದೇವೆ, ಕೋಡನ್ನು ಬಿಲ್ಡ್ ಮಾಡಲು ಗ್ರೇಡಲ್ ಅನ್ನುವ ಟೂಲ್ ಬಳಸುತ್ತೇವೆ. ಪ್ರಾಜೆಕ್ಟ್‌ಗೆ ಬೇಕಾದ ಲೈಬ್ರರಿಗಳು ಪಾಸ್‌ವರ್ಡ್ ಇರುವ ರೆಪಾಸಿಟರಿಯಲ್ಲಿವೆ (ಲೈಬ್ರರಿಗಳನ್ನು ಇಟ್ಟಿರುವ ಆನ್‌ಲೈನ್ ಸಂಗ್ರಹ). ಗ್ರೇಡಲ್ ಕಮಾಂಡ್ ಜೊತೆ ಹೈಫನ್ ಪಿ (ದೊಡ್ಡಕ್ಷರ) ಹಾಕಿ ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನು ಪ್ರಾಪರ್ಟಿಗಳಾಗಿ ಕೊಟ್ಟರೆ ಬಿಲ್ಡ್ ಆಗುತ್ತದೆ. ಆದರೆ ಹಾಗೆ ಕೊಟ್ಟರೆ ಅದು ಶೆಲ್ ಹಿಸ್ಟರಿಯಲ್ಲಿ ಉಳಿಯುತ್ತದೆ, ಅದೇ ಸರ್ವರ್‌ಗೆ ಲಾಗಿನ್ ಆದ ಬೇರೆಯವರು, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಪಿಎಸ್ ಕಮಾಂಡ್ ಕೊಟ್ಟರೂ ಕಾಣಬಹುದು, ಅಲ್ವಾ? ನನಗೆ ಅದೇ ಭಯ.

ಅದಕ್ಕೆ ಪ್ರಾಪರ್ಟಿ ಹೆಸರಿನ ಆರಂಭಕ್ಕೆ ಓಆರ್‌ಜಿ_ಗ್ರೇಡಲ್_ಪ್ರಾಜೆಕ್ಟ್_ ಸೇರಿಸಿ ಎನ್ವಿರಾನ್ಮೆಂಟ್ ವೇರಿಯಬಲ್ (ಶೆಲ್‌ನಲ್ಲಿ ಇಟ್ಟರೆ ಪ್ರೋಗ್ರಾಂಗಳು ಓದಿಕೊಳ್ಳುವ ಮೌಲ್ಯ) ಇಟ್ಟೆ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದೆ. ಸರ್ವರ್‌ನಲ್ಲಿ ಸುಡೊ (ಬೇರೆ ಯೂಸರ್ ಆಗಿ ಕಮಾಂಡ್ ಓಡಿಸುವುದು) ಹಾಕಿ ಓಡಿಸಿದರೆ ಮಾತ್ರ ಪ್ರಾಪರ್ಟಿಗಳೇ ಇಲ್ಲ ಅಂತ ಎರರ್. ದೊಡ್ಡಕ್ಷರ, ಸಣ್ಣಕ್ಷರ ಎಲ್ಲ ನಾಲ್ಕು ಸಲ ನೋಡಿದ್ದೇನೆ.

ಸುಡೊ ಆ ವೇರಿಯಬಲ್‌ಗಳನ್ನು ತೆಗೆದುಬಿಡುತ್ತಿದೆಯಾ? ಇಲ್ಲ, ಬಿಲ್ಡ್ ಓಡಿಸುವ ಯೂಸರ್‌ನ ಹೋಮ್‌ನಲ್ಲಿರುವ ಗ್ರೇಡಲ್ ಪ್ರಾಪರ್ಟೀಸ್ ಫೈಲಿನಲ್ಲಿ ಇಡುವುದೇ ಒಳ್ಳೆಯದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ, ಎರಡು ದಿನದಿಂದ ಕೆಲಸ ನಿಂತಿದೆ.